ಮೂಲೆಯ ಕುರ್ಚಿಯಲ್ಲಿ ಅರ್ಧ ಗಂಟೆ

"ಇವತ್ತು ಏನು ಹೇಳಿಕೊಟ್ರಿ?" ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ದಿನಾ ಈ ಪ್ರಶ್ನೆ ಬರುತ್ತದೆ. ಬೆಳಗ್ಗೆಯೆಲ್ಲಾ ಒಂದು ಜಗ್ಗಿನಿಂದ ಇನ್ನೊಂದಕ್ಕೆ ನೀರು ಸುರಿಯುತ್ತಿದ್ದ ಅಂದರೆ ಅಪ್ಪ-ಅಮ್ಮನ ಮುಖ ಸಪ್ಪಗಾಗುತ್ತದೆ. ಅದು ಸಹಜವೇ. ಮಕ್ಕಳು ತಾವೇ ಕೈಯಾರೆ ಮಾಡಿ ಕಲಿಯೋ ನಮ್ಮ ಮಾಂಟೆಸ್ಸರಿ ಶಾಲೆಯಲ್ಲಿ ಮಾರ್ಕ್ಸ್ ಇಲ್ಲ, ತಿದ್ದಿದ ನೋಟ್‌ಬುಕ್ ಮನೆಗೆ ಬರೋದಿಲ್ಲ. ಮಗು ಕಲಿಯುತ್ತಿದೆ ಅಂತ ಅವರು ನಂಬೋದಾದರೂ ಹೇಗೆ?

ಶಾಲೆ ನಡೆಸುವವಳಾಗಿ ನಾನು ಇದಕ್ಕೆ ಭಾಷಣ ಮಾಡೋದಿಲ್ಲ. ಕ್ಲಾಸಿನ ಮೂಲೆಯಲ್ಲೊಂದು ಕುರ್ಚಿ ಇದೆ. ಅರ್ಧ ಗಂಟೆ ಕೂತು ನೋಡಿ, ಮಾತು ಬೇಡ, ಸಹಾಯವೂ ಬೇಡ ಅನ್ನುತ್ತೇನೆ.

ಒಮ್ಮೆ ಒಬ್ಬ ತಾಯಿ ಕೂತಿದ್ದರು. ಅವರ ಮೂರು ವರ್ಷದ ಮಗ ಸಿಲಿಂಡರ್ ಬ್ಲಾಕ್ ತೆಗೆದುಕೊಂಡಿದ್ದ. ಉದ್ದನೆಯ ಮರದ ದಿಮ್ಮಿ, ಅದರಲ್ಲಿ 10 ಗುಳಿ, ಒಂದೊಂದಕ್ಕೂ ಸರಿಯಾಗಿ ಕೂರುವ ಒಂದೊಂದು ಸಿಲಿಂಡರ್. ಎಲ್ಲವನ್ನೂ ಹೊರಗೆ ತೆಗೆದು ಕಲಸಿದ. ಮತ್ತೆ ಜೋಡಿಸುವಾಗ ಸಣ್ಣದೊಂದನ್ನು ದೊಡ್ಡ ಗುಳಿಗೆ ಹಾಕಿಬಿಟ್ಟ. ಕೊನೆಗೆ ಕೈಯಲ್ಲಿ ಉಳಿದದ್ದು ದಪ್ಪ ಸಿಲಿಂಡರ್, ಖಾಲಿ ಇದ್ದದ್ದು ಕಿರಿದಾದ ಗುಳಿ. ಒತ್ತಿದ. ತಿರುಗಿಸಿ ಒತ್ತಿದ. ಅಂಗೈಯಿಂದ ಗುದ್ದಿದ. ತಾಯಿ ಕುರ್ಚಿಯ ತುದಿಗೆ ಬಂದಿದ್ದರು. ಮೆಲ್ಲಗೆ ಅವರ ಭುಜದ ಮೇಲೆ ಕೈ ಇಟ್ಟೆ.

ಹುಡುಗ ಸುಮ್ಮನೆ ಕೂತು ಸಾಲನ್ನೇ ನೋಡಿದ. ಅಲ್ಲಾಡುತ್ತಿದ್ದ ಒಂದನ್ನು ಹೊರಗೆ ತೆಗೆದ. ಆಮೇಲೆ ಅದರ ಪಕ್ಕದ್ದು. ಎಲ್ಲವೂ ಸರಿಯಾಗಿ ಕೂತ ಮೇಲೆ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಹತ್ತನ್ನೂ ಹೊರಗೆ ತೆಗೆದು ಮೊದಲಿಂದ ಶುರು ಮಾಡಿದ.

ತಾಯಿ ಎದ್ದು ಹೋಗಿ ಸಹಾಯ ಮಾಡಿದ್ದರೆ ಎರಡು ಸೆಕೆಂಡಿನಲ್ಲಿ ಕೆಲಸ ಮುಗಿಯುತ್ತಿತ್ತು. ಆದರೆ ತಪ್ಪಾಗಿದೆ ಅಂತ ಹೇಳೋ ಕೆಲಸ ಆ ಮರದ್ದೇ, ನಮ್ಮದಲ್ಲ. ಅದಕ್ಕೇ ಅದನ್ನು ಹಾಗೆ ಮಾಡಿರೋದು. 1907ರಲ್ಲಿ ರೋಮ್‌ನ ಸ್ಯಾನ್ ಲೊರೆಂಜೊದಲ್ಲಿ 'ಮಕ್ಕಳ ಮನೆ' ಅನ್ನೋ ತಮ್ಮ ಮೊದಲ ಶಾಲೆ ತೆರೆದ, ಈ ಪದ್ಧತಿ ರೂಪಿಸಿದ ಮರಿಯಾ ಮಾಂಟೆಸ್ಸರಿ, ಸುಮಾರು ಮೂರು ವರ್ಷದ ಹುಡುಗಿಯೊಬ್ಬಳು ಇಂಥದ್ದೇ ಸಿಲಿಂಡರ್‌ಗಳನ್ನು 40ಕ್ಕೂ ಹೆಚ್ಚು ಸಲ ತೆಗೆದು ಹಾಕಿದ್ದನ್ನು ಎಣಿಸಿದ್ದರು. ಸುತ್ತಲೂ ಮಕ್ಕಳು ಹಾಡಿದರೂ ಅವಳು ತಲೆ ಎತ್ತಲಿಲ್ಲ. ಅಂದ ಹಾಗೆ, ಸಿಲಿಂಡರಿನ ಮೇಲಿನ ಪುಟ್ಟ ಗುಬುಟು ಹಿಡಿಯೋದು ಮೂರು ಬೆರಳಲ್ಲಿ. ಮುಂದೆ ಪೆನ್ಸಿಲ್ ಹಿಡಿಯೋದೂ ಹಾಗೇ ಅಲ್ವಾ?

ಮನೆಯಲ್ಲಿ ಇದೆಲ್ಲಾ ಹೇಗೆ ಅಂತ ಕೇಳುವವರಿಗೆ ಒಂದೇ ಒಂದು ಕೆಲಸ ಆರಿಸಿಕೊಳ್ಳಿ ಅನ್ನುತ್ತೇನೆ. ಶೂ ಹಾಕಿಕೊಳ್ಳೋದು ಇರಲಿ. ಮೊದಲು ನೀವು ನಿಧಾನವಾಗಿ, ಮಾತಿಲ್ಲದೆ ಮಾಡಿ ತೋರಿಸಿ. ಕೈ ನೋಡುತ್ತಾ ಮಾತನ್ನೂ ಕೇಳಿಸಿಕೊಳ್ಳೋದು ಚಿಕ್ಕ ಮಗುವಿಗೆ ಕಷ್ಟ. ಆಮೇಲೆ ನಿಮ್ಮ ಕೈ ಹಿಂದೆ ಇರಲಿ. ಹೊರಡುವ ಅವಸರದಲ್ಲಿ ಆಗೋದಿಲ್ಲ ಅಂತ ಒಬ್ಬ ತಂದೆ ಹೇಳಿದರು, ಸರಿಯಾಗೇ ಹೇಳಿದರು. ಹಾಗಿದ್ದರೆ ರಜೆಯ ದಿನ ಮಾತ್ರ ಮಾಡಿ. ಎಡಬಲ ಅದಲು ಬದಲಾದರೂ ಪರವಾಗಿಲ್ಲ, ನಾಲ್ಕು ಹೆಜ್ಜೆ ನಡೆದರೆ ಕಾಲಿಗೇ ಗೊತ್ತಾಗುತ್ತದೆ.

ಆದರೆ ಕಾಯೋದು ಎಲ್ಲದಕ್ಕೂ ಅಲ್ಲ. ಇನ್ನೊಂದು ಮಗುವಿಗೆ ಹೊಡೆದರೆ ತಕ್ಷಣ ತಡೆಯುತ್ತೇವೆ. ಎರಡು ವರ್ಷ ಆದರೂ ಎರಡು ಪದ ಜೋಡಿಸುತ್ತಿಲ್ಲ, ಹೆಸರು ಕರೆದರೆ ತಿರುಗುತ್ತಿಲ್ಲ, ಬರುತ್ತಿದ್ದ ಮಾತು ನಿಂತುಹೋಗಿದೆ ಅನ್ನಿಸಿದರೆ "ತಾನಾಗೇ ಬರುತ್ತೆ" ಅಂತ ನಾನು ಯಾವತ್ತೂ ಹೇಳೋದಿಲ್ಲ. ಮಕ್ಕಳ ಡಾಕ್ಟರ ಹತ್ತಿರ ಹೋಗಿ, ಕಿವಿಯನ್ನೂ ಪರೀಕ್ಷೆ ಮಾಡಿಸಿ ಅನ್ನುತ್ತೇನೆ. ಕ್ಲಾಸಿನಲ್ಲಿ ನಾವು ನೋಡಿ ಬರೆದಿಟ್ಟದ್ದರ ಒಂದು ಪ್ರತಿಯನ್ನೂ ಕೊಟ್ಟು ಕಳಿಸುತ್ತೇನೆ. ಡಾಕ್ಟರಿಗೆ ಅದು ಉಪಯೋಗಕ್ಕೆ ಬರುತ್ತದೆ.