ಬಿಟ್‌ಕಾಯಿನ್ ನೋಡ್‌ಗೆ ಯಾವ ಡಿಸ್ಕ್ ಹಾಕಬೇಕು?

"ಮಿನಿ ಪಿಸಿ ತಗೊಂಡಿದ್ದೀನಿ, ಬಿಟ್‌ಕಾಯಿನ್ ನೋಡ್ ಓಡಿಸ್ಬೇಕು. 1 ಟಿಬಿ ಸಾಕಾ? ಮನೇಲಿ ಹಳೇ ಹಾರ್ಡ್ ಡಿಸ್ಕ್ ಸುಮ್ನೆ ಬಿದ್ದಿದೆ, ಅದೇ ನಡೆಯುತ್ತಾ?" ನನಗೆ ಬರುವ ಪ್ರಶ್ನೆಗಳಲ್ಲಿ ಇದೇ ಜಾಸ್ತಿ. (ಎರಡನೇ ಸ್ಥಾನ "ನೋಡ್ ಇಟ್ಟರೆ ದುಡ್ಡು ಬರುತ್ತಾ?" ಎಂಬುದಕ್ಕೆ. ಬರಲ್ಲ. ನೋಡ್ ಅಂದರೆ ಎಲ್ಲ ವಹಿವಾಟಿನ ಪ್ರತಿ ಇಟ್ಟುಕೊಂಡು ತಾನೇ ಪರಿಶೀಲಿಸುವ ಕಂಪ್ಯೂಟರ್ ಅಷ್ಟೇ. ಹೊಸ ನಾಣ್ಯ ಗಳಿಸುವ ಮೈನಿಂಗ್ ಅಲ್ಲ.)

ನನ್ನ ಉತ್ತರ: 2 ಟಿಬಿಯ ಟಿಎಲ್‌ಸಿ ಎನ್‌ವಿಎಂಇ ಎಸ್‌ಎಸ್‌ಡಿ ತಗೊಳ್ಳಿ, ಪಿಸಿಯ ಒಳಗಿನ ಸ್ಲಾಟ್‌ಗೇ ಹಾಕಿ. (ಎಸ್‌ಎಸ್‌ಡಿ ಅಂದರೆ ತಿರುಗುವ ಭಾಗವಿಲ್ಲದ ಚಿಪ್ ಡಿಸ್ಕ್. ಎನ್‌ವಿಎಂಇ ಅದರ ವೇಗದ ಬಗೆ, ಟಿಎಲ್‌ಸಿ ಹೆಚ್ಚು ಬಾಳುವ ಚಿಪ್.) ಹಾರ್ಡ್ ಡಿಸ್ಕ್ ಮಾರಬೇಡಿ, ಅದಕ್ಕೂ ಕೆಲಸ ಕೊಡಬಹುದು.

ಎಲ್ಲರೂ ಜಾಗದ ಲೆಕ್ಕ ಹಾಕುತ್ತಾರೆ. ಆದರೆ ನೋಡ್ ಒದ್ದಾಡುವುದು ಜಾಗಕ್ಕಲ್ಲ. ನೋಡ್ ಓಡಿಸುವ ಸಾಫ್ಟ್‌ವೇರ್ ಬಿಟ್‌ಕಾಯಿನ್ ಕೋರ್‌ನ ಫೋಲ್ಡರ್ ತೆಗೆದು ನೋಡಿ. 'ಬ್ಲಾಕ್ಸ್' ಅಂತ ಒಂದು, 'ಚೈನ್‌ಸ್ಟೇಟ್' ಅಂತ ಇನ್ನೊಂದು. ಬ್ಲಾಕ್ಸ್ ಒಳಗೆ 128 ಎಂಬಿಯ ಫೈಲುಗಳು ಸಾಲಾಗಿ ಇರುತ್ತವೆ. ಬ್ಲಾಕ್ ಅಂದರೆ ವಹಿವಾಟುಗಳ ಒಂದು ಕಟ್ಟು. 2009ರ ಜನವರಿ 3ರ ಮೊದಲ ಬ್ಲಾಕಿನಿಂದ ಇವತ್ತಿನವರೆಗಿನ ಎಲ್ಲ ವಹಿವಾಟೂ ಅಲ್ಲೇ. ಒಮ್ಮೆ ಬರೆದ ಮೇಲೆ ಅವು ಬದಲಾಗುವುದಿಲ್ಲ. ಗಾತ್ರ ದೊಡ್ಡದು, ಕೆಲಸ ಕಮ್ಮಿ.

ಚೈನ್‌ಸ್ಟೇಟ್ ಇದಕ್ಕೆ ತದ್ವಿರುದ್ಧ. ಇನ್ನೂ ಖರ್ಚಾಗದ ನಾಣ್ಯಗಳ ಪಟ್ಟಿ ಅದು. ಹತ್ತು ಜಿಬಿ ಆಸುಪಾಸು, ಅಷ್ಟೇ. ಆದರೆ ಯಾರಾದರೂ ಒಂದು ನಾಣ್ಯ ಖರ್ಚು ಮಾಡಿದರೆ ನೋಡ್ ಅದನ್ನು ಈ ಪಟ್ಟಿಯಲ್ಲಿ ಹುಡುಕಬೇಕು, ಅಳಿಸಬೇಕು, ಹೊಸದನ್ನು ಸೇರಿಸಬೇಕು. ಮೊದಲ ಸಲ ಸಿಂಕ್ ಆಗುವಾಗ, ಅಂದರೆ ಹಳೆಯ ಬ್ಲಾಕ್‌ಗಳನ್ನೆಲ್ಲ ಇಳಿಸಿಕೊಂಡು ಪರಿಶೀಲಿಸುವಾಗ, ನೂರು ಕೋಟಿಗೂ ಮೀರಿದ ವಹಿವಾಟುಗಳಿಗೆ ಇದನ್ನೇ ಮಾಡಬೇಕು. ಡಿಸ್ಕಿನ ಮೂಲೆ ಮೂಲೆಯಿಂದ ಚೂರು ಚೂರು ಓದುವ ಕೆಲಸ. ಹಾರ್ಡ್ ಡಿಸ್ಕಿನ ಮುಳ್ಳು ಅಲ್ಲಿಂದಿಲ್ಲಿಗೆ ಓಡಾಡಿಯೇ ಸುಸ್ತಾಗುತ್ತದೆ. ಎಸ್‌ಎಸ್‌ಡಿಯಲ್ಲಿ ಒಂದೆರಡು ದಿನದಲ್ಲಿ ಮುಗಿಯುವ ಸಿಂಕ್ ಅಲ್ಲಿ ವಾರಗಟ್ಟಲೆ ಎಳೆಯುತ್ತದೆ.

ಹಾಗಾಗಿ ಹಳೇ ಹಾರ್ಡ್ ಡಿಸ್ಕ್ ಇದ್ದವರಿಗೆ ಒಂದು ದಾರಿ ಇದೆ. 'ಬ್ಲಾಕ್ಸ್‌ಡಿರ್' ಎಂಬ ಸೆಟ್ಟಿಂಗ್ ಬಳಸಿ ಬ್ಲಾಕ್ ಫೈಲುಗಳನ್ನು ಹಾರ್ಡ್ ಡಿಸ್ಕಿಗೆ ಕಳಿಸಿ. ಚೈನ್‌ಸ್ಟೇಟ್ ಮಾತ್ರ ಎಸ್‌ಎಸ್‌ಡಿಯಲ್ಲೇ ಇರಲಿ. ಪಿಸಿ ಜೊತೆ ಬಂದ 256 ಜಿಬಿಯ ಎಸ್‌ಎಸ್‌ಡಿಯೇ ಧಾರಾಳ ಸಾಕು. ಜೊತೆಗೆ ರ‍್ಯಾಮ್ 16 ಜಿಬಿ ಇದ್ದರೆ 'ಡಿಬಿಕ್ಯಾಶ್' (ಚೈನ್‌ಸ್ಟೇಟ್‌ಗೆ ರ‍್ಯಾಮ್‌ನಲ್ಲಿ ಎಷ್ಟು ಎಂಬಿ ಅಂತ ಹೇಳುವ ಸೆಟ್ಟಿಂಗ್) ಅನ್ನು 4000ಕ್ಕೋ 6000ಕ್ಕೋ ಏರಿಸಿ. ಡಿಸ್ಕಿಗೆ ಹೋಗಿಬರುವುದು ಎಷ್ಟೋ ಕಮ್ಮಿಯಾಗುತ್ತದೆ. ಸಿಂಕ್ ಮುಗಿದ ಮೇಲೆ ಇಳಿಸಿದರಾಯಿತು.

ಇನ್ನು 1 ಟಿಬಿ ವಿಷಯ. 2024ರ ಕೊನೆಗೇ ಬ್ಲಾಕ್‌ಗಳು 600 ಜಿಬಿ ದಾಟಿದ್ದವು. ಹತ್ತು ನಿಮಿಷಕ್ಕೊಂದು ಬ್ಲಾಕ್, ದಿನಕ್ಕೆ ಸುಮಾರು 144. ಒಂದೊಂದು ಒಂದೂವರೆ ಎಂಬಿ ಮೇಲೇ ಬರುತ್ತದೆ. ವರ್ಷಕ್ಕೆ 80 ಜಿಬಿ ಅಂದುಕೊಳ್ಳಿ. ಅಂಗಡಿಯವರ 1 ಟಿಬಿ ಕಂಪ್ಯೂಟರಿನಲ್ಲಿ 931 ಅಂತ ಕಾಣುತ್ತದೆ. ಇಂಡೆಕ್ಸ್, ಆಪರೇಟಿಂಗ್ ಸಿಸ್ಟಂ ಎಲ್ಲ ಸೇರಿದರೆ ಉಳಿಯುವುದೆಷ್ಟು? ಬೇಗನೆ ಮತ್ತೆ ಡಿಸ್ಕ್ ಬದಲಾಯಿಸುವ ತಾಪತ್ರಯ ಯಾರಿಗೆ ಬೇಕು, ಅಲ್ವಾ?

ಕೊಳ್ಳುವಾಗ ಡಬ್ಬಿಯ ಮೇಲಿನ '7000 ಎಂಬಿ ವೇಗ' ನೋಡಿ ಮರುಳಾಗಬೇಡಿ. ಇಂಟೆಲ್ ಎನ್100 ಪ್ರೊಸೆಸರ್ ಥರದ ಮಿನಿ ಪಿಸಿಗೆ ಆ ವೇಗ ಎಟಕುವುದೂ ಇಲ್ಲ. ಟಿಬಿಡಬ್ಲ್ಯೂ ನೋಡಿ, ಅಂದರೆ ವಾರಂಟಿಯೊಳಗೆ ಎಷ್ಟು ಟಿಬಿ ಬರೆಯಬಹುದು ಅಂತ. 2 ಟಿಬಿಯ ಒಳ್ಳೆ ಟಿಎಲ್‌ಸಿ ಡಿಸ್ಕಿಗೆ 1200 ಇರುತ್ತದೆ. ಅಗ್ಗದ, ಕಮ್ಮಿ ಬಾಳುವ ಚಿಪ್ ಆದ ಕ್ಯೂಎಲ್‌ಸಿಯಲ್ಲಿ 440 ಇರುವುದೂ ಉಂಟು. ಬಿಟ್‌ಕಾಯಿನ್‌ಗೆ ಅಷ್ಟಾದರೂ ನಡೆಯುತ್ತದೆ, ಸತ್ಯ. ಇನ್ನೊಂದು ಕ್ರಿಪ್ಟೋ ಜಾಲವಾದ ಎಥೀರಿಯಮ್‌ನ ನೋಡ್‌ಗೆ ಮಾತ್ರ ಕ್ಯೂಎಲ್‌ಸಿ ಬೇಡವೇ ಬೇಡ. ಅಲ್ಲಿ ದಿನವಿಡೀ ಬರೆಯುವ ಕೆಲಸ, 4 ಟಿಬಿ ಇದ್ದರೆ ಇನ್ನೂ ನೆಮ್ಮದಿ. ಸೆಕೆಂಡ್‌ಹ್ಯಾಂಡ್ ತಗೊಂಡರೆ ಡಿಸ್ಕಿನ ಆರೋಗ್ಯ ತೋರಿಸುವ 'ಸ್ಮಾರ್ಟ್‌ಸಿಟಿಎಲ್' ಕಮಾಂಡ್ ಓಡಿಸಿ 'ಪರ್ಸೆಂಟೇಜ್ ಯೂಸ್ಡ್' ಸಾಲು ನೋಡಿ. ಎರಡೋ ಮೂರೋ ಇದ್ದರೆ ಪರವಾಗಿಲ್ಲ. ಎಂಬತ್ತು ಇದ್ದರೆ ವಾಪಸ್ ಕೊಡಿ. ಸ್ಲಾಟ್ ಎನ್‌ವಿಎಂಇನಾ, ಹಳೇ ನಿಧಾನದ ಸಾಟಾನಾ ಅಂತ ಮ್ಯಾನ್ಯುಯಲ್‌ನಲ್ಲಿ ಮೊದಲೇ ನೋಡಿಕೊಳ್ಳಿ. ಯುಎಸ್‌ಬಿ ಡಬ್ಬಿಯೊಳಗಿನ ಎಸ್‌ಎಸ್‌ಡಿ ನನಗೆ ಇಷ್ಟವಿಲ್ಲ. ಕಸ ಗುಡಿಸುವಾಗ ಕೇಬಲ್ ಅಲುಗಿದರೆ ಮುಗೀತು.

ಅದಕ್ಕಿಂತ ದೊಡ್ಡ ಶತ್ರು ಕರೆಂಟು. ಬರೆಯುವ ಮಧ್ಯೆ ಕರೆಂಟು ಹೋದರೆ ಚೈನ್‌ಸ್ಟೇಟ್ ಕೆಟ್ಟು 'ರೀಇಂಡೆಕ್ಸ್' ಮಾಡು ಅನ್ನಬಹುದು, ಅಂದರೆ ಮೊದಲ ಬ್ಲಾಕಿನಿಂದ ಮತ್ತೆ ಲೆಕ್ಕ. "ನಮ್ಮನೇಲಿ ಇನ್ವರ್ಟರ್ ಇದೆ" ಅನ್ನುತ್ತೀರಿ. ಫ್ಯಾನು, ಲೈಟಿಗೆ ಸರಿ. ಆದರೆ ಬದಲಾಗುವ ಆ ಕ್ಷಣದಲ್ಲಿ ಪಿಸಿ ರೀಸ್ಟಾರ್ಟ್ ಆಗಬಹುದು. ಎಷ್ಟೋ ಇನ್ವರ್ಟರುಗಳಲ್ಲಿ 'ಯುಪಿಎಸ್ ಮೋಡ್' ಅಂತ ಸ್ವಿಚ್ ಇರುತ್ತದೆ. ಅದನ್ನು ಒತ್ತಿ, ಮೇನ್ ಸ್ವಿಚ್ ಆಫ್ ಮಾಡಿ ಒಮ್ಮೆ ಪರೀಕ್ಷಿಸಿ. ಸಿಂಕ್ ಶುರು ಮಾಡುವ ಮುಂಚೆ.