ಎಲ್ಲಿದೆ?

24 ಅಕ್ಟೋಬರ್ 2025, ಶುಕ್ರವಾರ, ರಾತ್ರಿ 10:50

ಬೆಳಿಗ್ಗೆ ಆರೂವರೆಯಿಂದ ಎಂಟೂ ಕಾಲರವರೆಗೆ 17 ಸಲ. ಹಳೇ ಲಕೋಟೆಯ ಹಿಂದೆ ಗೀಟು ಹಾಕಿಕೊಂಡೇ ಎಣಿಸಿದ್ದೇನೆ. "ನನ್ನ ಬೆಲ್ಟ್ ಎಲ್ಲಿದೆ?" "ಅಮ್ಮಾ, ಸ್ಕೂಲ್ ಡೈರಿ ಎಲ್ಲಿ?" "ಚಾರ್ಜರ್ ನೋಡಿದ್ಯಾ?" ಈ ಕೊನೆಯದು ಎಲ್ಲಿದೆ ಜಾತಿಗೆ ಪೂರ್ತಿ ಸೇರದಿದ್ದರೂ ಸೇರಿಸಿಕೊಂಡೆ. 17ರಲ್ಲಿ 11 ಸಾಮಾನು ಕೇಳಿದವರ ಕಣ್ಣೆದುರೇ ಇದ್ದವು.

ಎಣಿಸುವ ಹುಚ್ಚು ಹತ್ತಿದ್ದು ನಿನ್ನೆ ರಾತ್ರಿಯ ಸಾಕ್ಸಿನಿಂದ. ಒಂಬತ್ತೂ ಮುಕ್ಕಾಲಿಗೆ, ಇನ್ನೇನು ಕಣ್ಣು ಮುಚ್ಚಬೇಕು, ಪುಟ್ಟಿಗೆ ನೆನಪಾಯಿತು: ನಾಳೆ ಗೊಂಬೆ ಮಾಡೋಕೆ ಒಂದು ಜೊತೆ ಹಳೇ ಸಾಕ್ಸ್, ಎರಡು ಗುಂಡಿ ಬೇಕಂತೆ. ಇವರು ತಕ್ಷಣ ಎದ್ದರು. ಅದನ್ನು ಹೇಳಲೇಬೇಕು, ಕೂತಲ್ಲೇ ಕೂರುವ ಗಂಡಸಲ್ಲ. "ಎಲ್ಲಿದೆ ಹೇಳು, ನಾನು ತರ್ತೀನಿ." ಲ್ಯಾಪ್‌ಟಾಪಿನಿಂದ ಕತ್ತೆತ್ತದೆ ಹೇಳಿದೆ: ಬೀರುವಿನ ಕೆಳಗಿನ ಡ್ರಾಯರ್, ಎಡಗಡೆ, ನೀಲಿ ಚೀಲದೊಳಗೆ. ಗುಂಡಿ ಹೊಲಿಗೆ ಡಬ್ಬಿಯಲ್ಲಿ, ಡಬ್ಬಿ ಔಷಧಿ ಪೆಟ್ಟಿಗೆಯ ಹಿಂದೆ. ಬಿಳಿ ಸಾಕ್ಸ್ ಮುಟ್ಟಬೇಡಿ, ಅದು ಅವಳಿಗೆ ಇನ್ನೂ ಆಗುತ್ತೆ. ತಂದರು. ಎರಡು ನಿಮಿಷದ ಕೆಲಸ, ಮಾಡಿದವರೂ ಅವರೇ. ನಾನು ಅರ್ಧ ಬರೆದಿದ್ದ ಮೇಲ್‌ನ ವಾಕ್ಯ ಎತ್ತ ಹೊರಟಿತ್ತು ಅನ್ನುವುದು ಮಾತ್ರ ಹತ್ತು ನಿಮಿಷ ಸಿಗಲಿಲ್ಲ. ಅದು ಎಲ್ಲಿದೆ ಅಂತ ನಾನು ಯಾರನ್ನು ಕೇಳಲಿ?

ಆಲಿಸನ್ ಡ್ಯಾಮಿಂಜರ್ ಎಂಬ ಸಮಾಜಶಾಸ್ತ್ರಜ್ಞೆ 35 ಜೋಡಿಗಳನ್ನು ಮಾತಾಡಿಸಿ 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಮನೆಯ ತಲೆಕೆಲಸವನ್ನು ಆಕೆ ನಾಲ್ಕಾಗಿ ಬಿಡಿಸುತ್ತಾರೆ: ಮುಂದೇನು ಬೇಕಾದೀತು ಎಂದು ಮೊದಲೇ ಅಂದಾಜಿಸುವುದು, ದಾರಿ ಹುಡುಕುವುದು, ತೀರ್ಮಾನಿಸುವುದು, ಕೆಲಸ ಆಯಿತೋ ಇಲ್ಲವೋ ಎಂದು ಕಣ್ಣಿಡುವುದು. ತೀರ್ಮಾನಕ್ಕೆ ಗಂಡನೂ ಕೂರುತ್ತಾನೆ. ಮೊದಲನೆಯದು, ಕೊನೆಯದು ಹೆಚ್ಚಾಗಿ ಹೆಂಡತಿಯ ತಲೆಗೇ. ಓದಿದಾಗ ಪುಟ್ಟಿಯ ಶೂ ನೆನಪಾಯಿತು. ಅವಳು ನಡೆಯುವಾಗ ಹೆಬ್ಬೆರಳು ಮಡಚುತ್ತಿದ್ದಾಳೆ ಅಂತ ಗಮನಿಸಿದ್ದು ನಾನು. ಅಳತೆ ತೆಗೆದು ನಾಲ್ಕು ಜೊತೆ ಹುಡುಕಿಟ್ಟಿದ್ದು ನಾನು. ಲೇಸಿನದೋ ಪಟ್ಟಿಯದೋ ಎಂಬ ಚರ್ಚೆಗೆ ಇಡೀ ಸಂಸಾರ ಹಾಜರ್.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2018ರ ವರದಿಯಲ್ಲಿ ಲೆಕ್ಕವಿದೆ: ಸಂಬಳವಿಲ್ಲದ ಮನೆವಾರ್ತೆ, ಆರೈಕೆಗೆ ಹೆಂಗಸು ದಿನಕ್ಕೆ ಸರಾಸರಿ 4 ಗಂಟೆ 25 ನಿಮಿಷ, ಗಂಡಸು 1 ಗಂಟೆ 23 ನಿಮಿಷ ಕೊಡುತ್ತಾರೆ. ಸರಿ. ನೀಲಿ ಚೀಲ ಯಾವ ಡ್ರಾಯರಿನಲ್ಲಿದೆ ಅಂತ ಆರು ತಿಂಗಳು ತಲೆಯಲ್ಲಿಟ್ಟುಕೊಂಡು ಓಡಾಡಿದ್ದನ್ನು ಯಾವ ಗಂಟೆಯ ಖಾತೆಗೆ ಬರೆಯುವುದು?

ಇನ್ನು ನನ್ನ ತಪ್ಪು. ಬರೆಯಲು ಮುಜುಗರ, ಆದರೂ ಬರೆಯುತ್ತೇನೆ.

ಹೋದ ವಾರ ಮೂರು ದಿನ ಆಫೀಸಿನ ಕೆಲಸದ ಮೇಲೆ ಊರು ಬಿಟ್ಟಿದ್ದೆ. ಆಫೀಸಿನಲ್ಲಿ ರಜೆ ಹಾಕಿದರೆ ಎರಡು ಪುಟ ಹ್ಯಾಂಡೋವರ್ ಬರೆದಿಟ್ಟು ಹೋಗುತ್ತೇನೆ, ಯಾರೂ ಫೋನ್ ಮಾಡುವುದಿಲ್ಲ. ಮನೆಗೆ ನಾಲ್ಕು ಪುಟ ಬರೆದು ಫ್ರಿಜ್ಜಿಗೆ ಅಂಟಿಸಿದ್ದೆ. ಅಷ್ಟು ಸಾಲದು ಅಂತ ಮೊದಲ ದಿನವೇ ಐದು ಸಲ ಫೋನ್ ಮಾಡಿದೆ. ಎರಡನೇ ದಿನ ಇವರು, "ಬರೆದಿಟ್ಟಿದ್ದೀಯಲ್ಲ, ಬಿಡೇ" ಅಂದರು. ಎಲ್ಲೋ ಚುರ್ ಅಂತು.

ವಾಪಸ್ ಬಂದ ಸಂಜೆ ಊಟಕ್ಕೆ ಕೂತಾಗ ಇವರು ಸಹಜವಾಗಿ ಹೇಳಿದರು: "ಅವಳಿಗೆ ದೊಡ್ಡ ತುತ್ತು ಕೊಡ್ಬೇಡ. ಕೆಳಗಿನ ಹಲ್ಲು ಅಲ್ಲಾಡ್ತಿದೆ, ಬಲಗಡೆ ಮಾತ್ರ ಅಗಿಯೋದು." ನನಗೆ ಗೊತ್ತಿರಲಿಲ್ಲ. ಅವಳ ಬಾಯೊಳಗಿನ ಹಲ್ಲು, ನನಗೆ ಗೊತ್ತಿರಲಿಲ್ಲ! ಸಮಾಧಾನ ಆಗಬೇಕಿತ್ತು ತಾನೆ, ಹೊರೆ ಹಂಚಿಕೊಳ್ಳುವವರು ಸಿಕ್ಕರಲ್ಲ ಅಂತ. ಆಗಿದ್ದು ಹೊಟ್ಟೆಕಿಚ್ಚು. ಅದೇ ರಾತ್ರಿ ಎಲ್ಲರೂ ಮಲಗಿದ ಮೇಲೆ, ಇವರು ಜೋಡಿಸಿಟ್ಟಿದ್ದ ಸ್ಕೂಲ್ ಬ್ಯಾಗ್ ಬಿಚ್ಚಿ ಮತ್ತೆ ನನ್ನ ಕ್ರಮದಲ್ಲಿ ಜೋಡಿಸಿದೆ. ಒಂದು ಪೆನ್ಸಿಲ್ಲೂ ಬಿಟ್ಟುಹೋಗಿರಲಿಲ್ಲ. ನೀರು ಕುಡಿಯಲು ಎದ್ದು ಬಂದವರು ನೋಡಿದರು. ಏನೂ ಅನ್ನಲಿಲ್ಲ. ಮಾರನೇ ಬೆಳಿಗ್ಗೆಯಿಂದ ಮತ್ತೆ "ಎಲ್ಲಿದೆ?" ಶುರುವಾಯಿತು. ಅವರನ್ನು ಪೂರ್ತಿ ದೂರಲು ನನಗೆ ಬಾಯಿಲ್ಲ.

(ಅತ್ತೆ ಫೋನಿನಲ್ಲಿ, "ಪಾಪ, ಮೂರು ದಿನ ಒಬ್ಬನೇ ಹೇಗೆ ಸಂಭಾಳಿಸಿದನೋ" ಅಂದರು. ಉಳಿದ 362 ದಿನಕ್ಕೂ ಒಂದು ಪಾಪ ಮೀಸಲಿಟ್ಟಿದ್ದರೆ ಚೆನ್ನಾಗಿತ್ತು.)

ಇವತ್ತಿಗೆ ಸರಿಯಾಗಿ 50 ವರ್ಷದ ಕೆಳಗೆ, 1975ರ ಅಕ್ಟೋಬರ್ 24ರಂದು, ಐಸ್‌ಲ್ಯಾಂಡಿನ ಸುಮಾರು ಶೇ. 90ರಷ್ಟು ಹೆಂಗಸರು ಆಫೀಸು, ಅಡುಗೆಮನೆ ಎರಡನ್ನೂ ಬಿಟ್ಟು ಹೊರಗೆ ನಡೆದಿದ್ದರಂತೆ. ಅಪ್ಪಂದಿರು ಮಕ್ಕಳನ್ನು ಕಟ್ಟಿಕೊಂಡು ಕೆಲಸಕ್ಕೆ ಹೋದರು. ಐದು ವರ್ಷದ ಮೇಲೆ, 1980ರಲ್ಲಿ, ಒಬ್ಬಳೇ ಮಗಳನ್ನು ಸಾಕುತ್ತಿದ್ದ ವಿಗ್ದಿಸ್ ಫಿನ್‌ಬೊಗಾಡೋಟಿರ್ ಅಲ್ಲಿ ಅಧ್ಯಕ್ಷೆಯಾದರು. ನನಗೆ ಕುತೂಹಲ ಬೇರೆ. ಆ ದಿನ ಹೊರಟವರಲ್ಲಿ ಎಷ್ಟು ಜನ ಬಾಗಿಲಲ್ಲಿ ನಿಂತು, "ಅವಳ ಟೋಪಿ ಗೂಟದ ಮೇಲಿದೆ ನೋಡಿ" ಅಂತ ಹೇಳಿ ಹೋಗಿರಬಹುದು? ನಾನಾಗಿದ್ದರೆ ಖಂಡಿತ ಹೇಳಿರುತ್ತಿದ್ದೆ.

ಮಧ್ಯಾಹ್ನ ಮ್ಯಾನೇಜರ್ ಕರೆದು, ಹೊಸ ಟೀಮಿಗೆ ಲೀಡ್ ಆಗ್ತೀರಾ ಅಂತ ಕೇಳಿದರು. ವಾರಕ್ಕೆ ಎರಡು ಸಂಜೆ ಎಂಟೂವರೆವರೆಗೆ ಕಾಲ್ ಇರುತ್ತೆ, "ಮನೇಲಿ ಕೇಳ್ಕೊಂಡು ಹೇಳಿ." ನನ್ನ ಪಕ್ಕದ ಸೀಟಿನವನಿಗೂ ಎರಡು ಮಕ್ಕಳಿವೆ, ಅವನಿಗೆ ಹೀಗೆ ಹೇಳುತ್ತಿದ್ದರಾ? 2023ರ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಬರೆದದ್ದು ಇಂಥದ್ದರ ಬಗ್ಗೆಯೇ: ಯಾವ ಹೊತ್ತಿಗೆ ಕರೆದರೂ ಸಿಗುವವರಿಗೆ ಹೆಚ್ಚು ಕೊಡುವ ಕೆಲಸಗಳು, ಮಗು ಹುಟ್ಟಿದ ಮೇಲೆ ಅಗಲವಾಗುವ ಸಂಬಳದ ಅಂತರ.

ಸಂಜೆ ವಿಷಯ ಹೇಳಿದೆ. "ಮಂಗಳವಾರ, ಗುರುವಾರ ನನಗೆ ಬಿಡು" ಅಂದರು ಇವರು. "ಪೂರ್ತೀನಾ? ನೆನಪಿಟ್ಟುಕೊಳ್ಳೋದೂ ಸೇರಿ?" "ಪೂರ್ತಿ. ಆದ್ರೆ ನೀನು ಬ್ಯಾಗ್ ಬಿಚ್ಚಬಾರದು." ಹಾಗಾದರೆ ಅವತ್ತಿನದು ಮರೆತಿಲ್ಲ.

ಪುಟ್ಟಿಯ ಗೊಂಬೆ ಮನೆಗೆ ಬಂದಿದೆ. ಒಂದು ಕಣ್ಣು ಮೇಲೆ, ಒಂದು ಕೆಳಗೆ, ಬಾಯಿಯ ಜಾಗದಲ್ಲಿ ನೇತಾಡುವ ದಾರ. ಅದನ್ನು ಕತ್ತರಿಸೋಣ ಅಂತ ಹೊಲಿಗೆ ಡಬ್ಬಿ ತೆಗೆದೆ, ಕತ್ತರಿ ಇಲ್ಲ. ಡ್ರಾಯರ್ ನೋಡಿದೆ, ಮೇಜಿನ ಕೆಳಗೆ ನೋಡಿದೆ.

"ರೀ, ಕತ್ತರಿ ಎಲ್ಲಿದೆ?"

"ಪೆನ್ ಸ್ಟ್ಯಾಂಡಲ್ಲಿ. ಹೋದ ವಾರದಿಂದ ಅಲ್ಲೇ ಇಡ್ತಿದೀನಿ."

ಲಕೋಟೆ ತೆಗೆದು, ನನ್ನ ಹೆಸರಿನ ಕೆಳಗೆ ಒಂದು ಗೀಟು ಹಾಕಿದೆ.