ವಾರಂಡೈಟ್‌ನ ವೊಂಬ್ಯಾಟ್: ಹದಿನೇಳು ಶನಿವಾರಗಳ ಲೆಕ್ಕ

ಮೆಲ್ಬರ್ನ್ ನಗರದ ಈಶಾನ್ಯ ಅಂಚಿನಲ್ಲಿ ವಾರಂಡೈಟ್ ಇದೆ. ನಗರದ ನಡುಭಾಗದಿಂದ ಸುಮಾರು 24 ಕಿ.ಮೀ. ಯಾರಾ ನದಿ ಅಲ್ಲಿ ಗುಡ್ಡಗಳ ನಡುವೆ ಬಳಸಿಕೊಂಡು ಹೋಗುತ್ತದೆ. ಸಂಜೆ ಪೌಂಡ್ ಬೆಂಡ್ ಎಂಬ ನದಿ ತಿರುವಿನ ಕಡೆ ಹೋದರೆ ಕಾಂಗರೂ ಸುಲಭವಾಗಿ ಸಿಗುತ್ತವೆ. ಕಾಂಗರೂವಿನಂತೆ ಹೊಟ್ಟೆಚೀಲವಿರುವ, ಬಿಲ ತೋಡಿ ಬದುಕುವ, ಗುಂಡುಗುಂಡಾದ ಪ್ರಾಣಿ ವೊಂಬ್ಯಾಟ್ ಹಾಗಲ್ಲ. ಎಂಟು ವರ್ಷದಲ್ಲಿ ನಾನು ನೋಡಿದ್ದು ಒಂದೇ, ಅದೂ ರಸ್ತೆ ಬದಿಯಲ್ಲಿ ಕಾರಿಗೆ ಸಿಕ್ಕಿ ಸತ್ತದ್ದು. ಆ ದೃಶ್ಯ ಮನಸ್ಸಿನಿಂದ ಹೋಗಲೇ ಇಲ್ಲ. ಅದಕ್ಕೇ ಈ ಸಲ ಏಪ್ರಿಲ್‌ನಿಂದ ಜುಲೈವರೆಗೆ ಪ್ರತಿ ಶನಿವಾರ ಹುಡುಕಲು ಹೊರಟೆ.

ಈ ನಾಲ್ಕು ತಿಂಗಳನ್ನು ಆರಿಸಿದ್ದಕ್ಕೆ ಕಾರಣವಿದೆ. ಇಲ್ಲಿನ ಮೂಲ ಜನರಾದ ಕುಲಿನ್ ಸಮುದಾಯದವರಿಗೆ ವರ್ಷಕ್ಕೆ ಏಳು ಋತು. ಏಪ್ರಿಲ್‌ನಿಂದ ಜುಲೈವರೆಗಿನದು ವಾರಿಂಗ್, ಅಂದರೆ ವೊಂಬ್ಯಾಟ್ ಕಾಲ. ಮಂಜು ಕವಿದ ಬೆಳಗು, ತಣ್ಣನೆಯ ಮಳೆ. ಬೇರೆ ದಿನಗಳಲ್ಲಿ ರಾತ್ರಿಯೇ ಓಡಾಡುವ ಪ್ರಾಣಿ ಆಗ ಹಗಲಲ್ಲೂ ಕಾಣಿಸಿಕೊಳ್ಳುತ್ತದೆ. ನಮ್ಮೂರಲ್ಲಿ ಆರಿದ್ರಾ ಮಳೆ, ಪುಷ್ಯ ಮಳೆ ಅಂತ ದಿನ ಎಣಿಸುತ್ತಿದ್ದುದು ನೆನಪಾಯಿತು. ಹೆಸರಿಟ್ಟವರು ನೋಡಿಯೇ ಇಟ್ಟಿರುತ್ತಾರೆ, ಅಲ್ವಾ?

ಏಪ್ರಿಲ್

ಮೂರು ಶನಿವಾರ ಏನೂ ಸಿಗಲಿಲ್ಲ. ನಾಲ್ಕನೆಯದಕ್ಕೆ ಬಿದ್ದ ಮರದ ದಿಮ್ಮಿಯ ಮೇಲೆ ಹಿಕ್ಕೆ ಕಂಡಿತು. ಚೌಕಾಕಾರ! ಓದಿ ಗೊತ್ತಿತ್ತು, ಆದರೂ ಕಣ್ಣಾರೆ ನೋಡಿ ಕುಣಿಯುವಂತಾಯಿತು. ಕರುಳಿನ ಕೊನೆಯ ಭಾಗದ ಗೋಡೆ ಎಲ್ಲ ಕಡೆ ಒಂದೇ ಸಮನೆ ಹಿಗ್ಗುವುದಿಲ್ಲ. ಕೆಲವು ಕಡೆ ಬಿಗಿ, ಕೆಲವು ಕಡೆ ಸಡಿಲ. ಅದರಿಂದಲೇ ಮೂಲೆಗಳು ಮೂಡುತ್ತವೆ. ಇದನ್ನು ಕಂಡುಹಿಡಿದವರಿಗೆ 2019ರಲ್ಲಿ ಇಗ್ ನೊಬೆಲ್ ಸಿಕ್ಕಿತು, ಅಂದರೆ ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಪ್ರಶಸ್ತಿ. ಒಂದು ವೊಂಬ್ಯಾಟ್ ರಾತ್ರಿಗೆ 80ರಿಂದ 100 ಹಿಕ್ಕೆ ಹಾಕುತ್ತದೆ. ಹಾಗಾಗಿ ರಾಶಿ ಹಿಕ್ಕೆ ಕಂಡರೂ ಪ್ರಾಣಿ ಒಂದೇ ಇರಬಹುದು. ಎಣಿಸುವಾಗ ಇದನ್ನು ಮರೆಯಬಾರದು.

ಮೇ

ಪರಿಚಯದ ಹಿರಿಯರೊಬ್ಬರ ಜಾಗ ಕಾಡಿಗೆ ಅಂಟಿಕೊಂಡೇ ಇದೆ. ತೊರೆಯ ದಂಡೆಯಲ್ಲಿ ಮೂರು ಬಿಲ ತೋರಿಸಿದರು. ಯಾವುದರಲ್ಲಿ ಪ್ರಾಣಿ ಇದೆ, ಯಾವುದು ಖಾಲಿ?

ತೀರ್ಥಹಳ್ಳಿಯಲ್ಲಿ ನಮ್ಮಜ್ಜ ಮುಳ್ಳುಹಂದಿಯ ಬಿಲದ ಬಾಯಿಗೆ ಒಣ ಕಡ್ಡಿ ನಿಲ್ಲಿಸಿ ಬರುತ್ತಿದ್ದರು. ಬೆಳಗ್ಗೆ ಕಡ್ಡಿ ಬಿದ್ದಿದ್ದರೆ ಒಳಗೆ ಯಾರೋ ಇದ್ದಾರೆ ಅಂತ ಲೆಕ್ಕ. ನಾನೂ ಅದನ್ನೇ ಮಾಡಿದೆ. ನಡುವಿನ ಬಿಲದ ಕಡ್ಡಿ ಮಾತ್ರ ಬಿದ್ದಿತ್ತು. ಆದರೆ ನರಿಯೂ ಇಂಥ ಬಿಲಕ್ಕೆ ನುಗ್ಗುತ್ತದೆ. ಅನುಮಾನ ಉಳಿಯಿತು.

ಹಿರಿಯರನ್ನು ಕೇಳಿ, ಮುಂದೆ ಏನಾದರೂ ಅಲುಗಾಡಿದರೆ ತಾನಾಗೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಕಟ್ಟಿದೆ. ಮೊದಲ ವಾರ 200ಕ್ಕೂ ಜಾಸ್ತಿ ಚಿತ್ರ, ಬಹುತೇಕ ಗಾಳಿಗೆ ಆಡುವ ಜರೀಗಿಡದವು. ತುಂಬಾ ಎತ್ತರಕ್ಕೆ ಕಟ್ಟಿದ್ದೆ. ಮೊಣಕಾಲಿನ ಮಟ್ಟಕ್ಕೆ ಇಳಿಸಿ, ಮುಂದಿನ ಎಲೆಗಳನ್ನು ಪಕ್ಕಕ್ಕೆ ಬಾಗಿಸಿ ಕಟ್ಟಿದ ಮೇಲೆ ಸರಿಹೋಯಿತು.

ಜೂನ್

ರಾತ್ರಿ 2:14. ಚಿತ್ರದ ತುಂಬ ಒಂದು ದಪ್ಪ ಹಿಂಭಾಗ, ಬಿಲದೊಳಗೆ ಹೋಗುತ್ತಿರುವುದು. ಮುಖ ಇಲ್ಲ, ಕಿವಿ ಇಲ್ಲ. ಆದರೂ ಅನುಮಾನಕ್ಕೆ ಜಾಗವೇ ಇರಲಿಲ್ಲ. ಆ ಹಿಂಭಾಗವೇ ಅದರ ಗುರಾಣಿ. ಚರ್ಮದ ಕೆಳಗೆ ಗಟ್ಟಿಯಾದ ಮೃದ್ವಸ್ಥಿ ಇದೆ. ನಾಯಿ ಅಟ್ಟಿಸಿಕೊಂಡು ಬಂದರೆ ತಲೆ ಒಳಗೆ ಹಾಕಿ, ಹಿಂಭಾಗದಿಂದ ಬಾಗಿಲು ಮುಚ್ಚಿಬಿಡುತ್ತದೆ.

ಜುಲೈ 13

ಕಂಡಿತು! ಸಂಜೆ ನಾಲ್ಕಕ್ಕೆ, ಇನ್ನೂ ಬೆಳಕಿರುವಾಗಲೇ, ಇಪ್ಪತ್ತು ಹೆಜ್ಜೆ ದೂರದಲ್ಲಿ ಹುಲ್ಲು ಮೇಯುತ್ತಿತ್ತು. ಕಚಕಚ ಅಂತ ಹುಲ್ಲು ಹರಿಯುವ ಸದ್ದು ಕೇಳುತ್ತಿತ್ತು. ಹತ್ತು ನಿಮಿಷ ಉಸಿರು ಬಿಗಿಹಿಡಿದು ನಿಂತೆ. ವಾರಿಂಗ್ ಕಾಲ ಮಾತು ಉಳಿಸಿಕೊಂಡಿತು ಅಂದುಕೊಂಡೆ. ಅಮ್ಮನಿಗೆ ಫೋಟೊ ಕಳಿಸಿದೆ. "ಇದು ಕರಡಿ ಮರಿಯಲ್ವೇನೋ?" ಅಂದಳು. ಇದರ ವೈಜ್ಞಾನಿಕ ಹೆಸರು ವೊಂಬಾಟಸ್ ಅರ್ಸಿನಸ್. ಅರ್ಸಿನಸ್ ಅಂದರೆ ಕರಡಿಯಂಥದ್ದು ಅಂತಲೇ ಅರ್ಥ. ಹೇಳಿದಾಗ ಅಮ್ಮನಿಗೆ ಖುಷಿಯೋ ಖುಷಿ.

ರಾತ್ರಿ ಫೋಟೊ ದೊಡ್ಡದು ಮಾಡಿ ನೋಡಿದೆ. ಪಕ್ಕೆಯಲ್ಲಿ ಅಂಗೈ ಅಗಲದಷ್ಟು ಕೂದಲಿಲ್ಲ. ಕಿವಿಯ ಸುತ್ತ ಬೂದು ಹೆಕ್ಕಳೆ.

ಕಜ್ಜಿ. ಮನುಷ್ಯರಿಗೆ, ನಾಯಿಗಳಿಗೆ ಕಜ್ಜಿ ತರುವ ಸಾರ್ಕಾಪ್ಟಿಸ್ ಎಂಬ ಸಣ್ಣ ಹುಳುವೇ ಇದಕ್ಕೂ ಕಾರಣ. ನಮಗೆ ಮುಲಾಮಿನಿಂದ ಹೋಗುವ ರೋಗ, ವೊಂಬ್ಯಾಟ್‌ಗೆ ಚಿಕಿತ್ಸೆ ಸಿಗದಿದ್ದರೆ ಜೀವವನ್ನೇ ತೆಗೆಯುತ್ತದೆ. ಚರ್ಮ ಬಿರಿಯುತ್ತದೆ, ಕಣ್ಣು ಕಿವಿ ಮುಚ್ಚಿಹೋಗುತ್ತವೆ. ಕೂದಲು ಉದುರಿ ಮೈಯ ಶಾಖ ಸೋರುತ್ತದೆ. ಆಗ ಹೆಚ್ಚು ಹೊತ್ತು ಮೇಯಬೇಕಾಗುತ್ತದೆ, ಹಗಲಲ್ಲೂ ಹೊರಗೆ ಬರುತ್ತದೆ. ನಾನು ಅದೃಷ್ಟ ಅಂದುಕೊಂಡದ್ದು ಬಹುಶಃ ಅದರ ಕಷ್ಟ. ಅವತ್ತು ನಿದ್ದೆ ಬರಲಿಲ್ಲ.

ಹಗಲಲ್ಲಿ ವೊಂಬ್ಯಾಟ್ ಕಂಡರೆ ದಯವಿಟ್ಟು ಎರಡೂ ಪಕ್ಕೆಯ ಫೋಟೊ ತೆಗೆಯಿರಿ. ಹತ್ತಿರ ಹೋಗುವುದು ಬೇಡ, ದೂರದಿಂದ ಜೂಮ್ ಮಾಡಿದರೆ ಸಾಕು. ಚಳಿಗಾಲದ ಬಿಸಿಲಿಗೆ ಬಂದ ಆರೋಗ್ಯವಂತ ಪ್ರಾಣಿಯೂ ಇರಬಹುದು, ರೋಗ ಬಂದದ್ದೂ ಇರಬಹುದು. ಮೈ ನೋಡಿಯೇ ಹೇಳಬೇಕು. ನನ್ನ ಫೋಟೊಗಳನ್ನು ವೆಸ್ಟರ್ನ್ ಸಿಡ್ನಿ ವಿಶ್ವವಿದ್ಯಾಲಯ ನಡೆಸುವ ವೊಮ್‌ಸ್ಯಾಟ್ ಎಂಬ ಜಾಲತಾಣಕ್ಕೆ ಹಾಕಿದ್ದೇನೆ. ಎಲ್ಲಿ ಕಂಡಿತು, ಬಿಲ ಎಲ್ಲಿದೆ, ಕಜ್ಜಿ ಇದೆಯೇ ಅಂತ ಅಲ್ಲಿ ದಾಖಲಿಸಬಹುದು.

ಜುಲೈ 20

ವನ್ಯಜೀವಿ ಆರೈಕೆ ಮಾಡುವ ಇಬ್ಬರು ಸ್ವಯಂಸೇವಕರು ಬಂದರು. ಬಿಲದ ಬಾಯಿಗೆ ಪ್ಲಾಸ್ಟಿಕ್ ಹಾಳೆಯ ಫ್ಲ್ಯಾಪ್ ತೂಗುಹಾಕಿ, ಅದಕ್ಕೆ ಔಷಧಿ ತುಂಬಿದ ಪುಟ್ಟ ಮುಚ್ಚಳ ಸಿಕ್ಕಿಸಿದರು. ವೊಂಬ್ಯಾಟ್ ತಳ್ಳಿಕೊಂಡು ಹೊರಬಂದರೆ ಔಷಧಿ ಬೆನ್ನಿಗೆ ಸುರಿಯುತ್ತದೆ. ಹಿಡಿಯಬೇಕಿಲ್ಲ, ಹೆದರಿಸಬೇಕಿಲ್ಲ. ಆದರೆ ಒಂದು ಸಲಕ್ಕೆ ಮುಗಿಯುವುದಿಲ್ಲ, ವಾರ ವಾರವೂ ಹಾಕಬೇಕು. ವೊಂಬ್ಯಾಟ್‌ಗೆ ಒಂದೇ ಬಿಲ ಇರುವುದಿಲ್ಲ, ಬೇರೆಡೆ ಹೋಗಿಬಿಟ್ಟರೆ ಮತ್ತೆ ಕಡ್ಡಿ ನಿಲ್ಲಿಸಿ ಹುಡುಕಬೇಕು. ಆ ಕೆಲಸ ನಾನು ಮಾಡುತ್ತೇನೆ ಅಂದೆ.

ಜುಲೈ 27

ಮುಚ್ಚಳ ಖಾಲಿ. ಕ್ಯಾಮೆರಾದಲ್ಲಿ ಬುಧವಾರ ಬೆಳಗಿನ ಜಾವ 3:40ರ ಚಿತ್ರ: ಫ್ಲ್ಯಾಪ್ ಮೇಲಕ್ಕೆದ್ದಿದೆ, ಹೆಗಲ ಮೇಲೆ ಒದ್ದೆ ಗುರುತು. ಹದಿನೇಳು ಶನಿವಾರ ಮುಗಿಯಿತು. ಕಣ್ಣಾರೆ ಕಂಡದ್ದು ಒಂದು ಸಲ, ಕ್ಯಾಮೆರಾದಲ್ಲಿ ಐದು ಸಲ. ಮುಂದಿನ ಶನಿವಾರ ಎರಡನೇ ಡೋಸ್.